ಕಿಸೆಯೊಳಗಿನ ಹಾಡು ಯಾರದು?

1998ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ನ್ಯಾಯಾಲಯವೊಂದಕ್ಕೆ ತುರ್ತು ಅರ್ಜಿಯೊಂದು ಬಂದಿತು. ಅರ್ಜಿ ಸಲ್ಲಿಸಿದ್ದು ಅಮೆರಿಕದ ಧ್ವನಿಮುದ್ರಣ ಉದ್ಯಮಗಳ ಸಂಘ. ಅದರ ಆಕ್ಷೇಪಕ್ಕೆ ಗುರಿಯಾದದ್ದು ಅಂಗಿಯ ಜೇಬಿನಲ್ಲಿ ಹಿಡಿಸುವ, ಸುಮಾರು 70 ಗ್ರಾಂ ತೂಗುವ ಒಂದು ಪುಟ್ಟ ಪೆಟ್ಟಿಗೆ. ‘ರಿಯೊ ಪಿಎಂಪಿ 300’ ಎಂಬ ಹೆಸರಿನ ಈ ಸಾಧನವನ್ನು ಕ್ಯಾಲಿಫೋರ್ನಿಯದ ಡೈಮಂಡ್ ಮಲ್ಟಿಮೀಡಿಯಾ ಎಂಬ ಕಂಪನಿ 200 ಡಾಲರಿಗೆ ಮಾರಲು ಸಿದ್ಧತೆ ನಡೆಸಿತ್ತು. ಅದು ಮಾರುಕಟ್ಟೆಗೆ ಬರಲೇಕೂಡದು ಎಂಬುದು ಸಂಘದ ಬೇಡಿಕೆ.

ಆ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದುದು ಹೆಚ್ಚೆಂದರೆ ಹತ್ತು ಹಾಡು. ಅಷ್ಟಕ್ಕೇ ಒಂದು ಇಡೀ ಉದ್ಯಮ ಬೆದರಿತೇಕೆ? ಹಣ ಕೊಟ್ಟು ಕೊಂಡ ಹಾಡನ್ನು ಕೊಂಡವನು ತನಗೆ ಬೇಕಾದ ಕಡೆಗೆ ಒಯ್ಯಬಹುದೇ, ಇಲ್ಲವೇ ಎಂಬ ಪ್ರಶ್ನೆ ಅದರ ಬೆನ್ನಿಗಿತ್ತು. ಕಿಸೆಯಲ್ಲಿಟ್ಟು ಕೇಳುವ ಡಿಜಿಟಲ್ ಸಂಗೀತ ಸಾಧನಗಳ ಕಾಲು ಶತಮಾನದ ಇತಿಹಾಸವೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ ಎಂದರೆ ತಪ್ಪಾಗಲಾರದು.

ನಡೆದಾಡುತ್ತ ಸಂಗೀತ ಕೇಳುವ ರೂಢಿಯೇನೂ ಆಗ ಹೊಸದಾಗಿರಲಿಲ್ಲ. ಜಪಾನಿನ ಸೋನಿ ಕಂಪನಿ 1979ರ ಜುಲೈ 1ರಂದು ವಾಕ್‌ಮನ್ ಅನ್ನು ಮಾರಾಟಕ್ಕೆ ಬಿಟ್ಟಿತ್ತು. ಒಬ್ಬನೇ ಕಿವಿಗೆ ಸಿಕ್ಕಿಸಿಕೊಂಡು ಕೇಳುವುದು ಸಭ್ಯತೆಯಲ್ಲ ಎಂಬ ಅಳುಕಿನಿಂದ ಮೊದಲ ಮಾದರಿಯಲ್ಲಿ ಇಬ್ಬರು ಕೇಳಲು ಎರಡು ಕಿಂಡಿಗಳನ್ನು ಇಡಲಾಗಿತ್ತು. ಧ್ವನಿಸುರುಳಿಯ ಕಾಲದಲ್ಲಿ ನಕಲು ಮಾಡುವುದೂ ಇತ್ತು. ಭಾವಗೀತೆ, ಯಕ್ಷಗಾನ, ನಾಟಕಗಳ ಕ್ಯಾಸೆಟ್ಟುಗಳನ್ನು ಎರಡು ಬಾಯಿಯ ಟೇಪ್‌ರೆಕಾರ್ಡರಿನಲ್ಲಿ ನಕಲು ಮಾಡಿ ನೆಂಟರಿಗೆ ಕೊಟ್ಟ ಕನ್ನಡದ ಮನೆಗಳೆಷ್ಟೋ! ಆದರೆ ಪ್ರತಿ ನಕಲಿನಲ್ಲೂ ಸರಪರ ಸದ್ದು ಹೆಚ್ಚುತ್ತಿತ್ತು. ನಕಲಿನ ನಕಲು ಕೇಳುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಸುರುಳಿಯ ಈ ದೌರ್ಬಲ್ಯವೇ ಉದ್ಯಮಕ್ಕೆ ಬೇಲಿಯಾಗಿತ್ತು.

ಡಿಜಿಟಲ್ ಧ್ವನಿಮುದ್ರಣ ಆ ಬೇಲಿಯನ್ನು ಕಿತ್ತಿತು. ಇಲ್ಲಿ ಧ್ವನಿ ಅಂಕಿಗಳ ರೂಪದಲ್ಲಿರುತ್ತದೆ. ಅಂಕಿಯನ್ನು ಎಷ್ಟು ಸಲ ನಕಲು ಮಾಡಿದರೂ ಅದು ಸವೆಯದು. ಉಳಿದಿದ್ದ ಅಡ್ಡಿ ಗಾತ್ರ ಮಾತ್ರ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು ಒಂದೊಂದು ವಾಹಿನಿಗೆ 44,100 ಸಲ ಅಳೆದು ದಾಖಲಿಸುತ್ತಾರೆ. ಹೀಗಾಗಿ ನಾಲ್ಕು ನಿಮಿಷದ ಹಾಡು ಸುಮಾರು 42 ಮೆಗಾಬೈಟ್ ಜಾಗ ತಿನ್ನುತ್ತದೆ. ಇದನ್ನು ಹಿಂಡಿ ಚಿಕ್ಕದಾಗಿಸಿದ್ದು ಜರ್ಮನಿಯ ಎರ್ಲಾಂಗನ್‌ನ ಫ್ರಾನ್‌ಹೋಫರ್ ಸಂಸ್ಥೆಯ ಸಂಶೋಧಕರು. ಅವರಲ್ಲಿ ಪ್ರಮುಖರಾದವರು ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್.

ಅವರು ಆಧರಿಸಿದ್ದು ಮನುಷ್ಯನ ಕಿವಿಯ ಒಂದು ಮಿತಿಯನ್ನು. ಜಾತ್ರೆಯಲ್ಲಿ ನಗಾರಿ ಬಾರಿಸುವಾಗ ಪಕ್ಕದವನ ಪಿಸುಮಾತು ಕೇಳಿಸದು. ಹಾಗೆಯೇ ಸಂಗೀತದಲ್ಲಿ ಒಂದು ಬಲವಾದ ನಾದ ಅದರ ನೆರೆಯ ಮೆಲುನಾದಗಳನ್ನು ಮುಚ್ಚಿಬಿಡುತ್ತದೆ. ಕೇಳಿಸದ್ದನ್ನು ದಾಖಲಿಸುವುದೇಕೆ? ಅದನ್ನು ಬಿಟ್ಟುಬಿಟ್ಟರೆ ಅದೇ ಹಾಡು ನಾಲ್ಕು ಮೆಗಾಬೈಟಿಗಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ. ಎಷ್ಟು ಬಿಡಬಹುದು ಎಂದು ಹದ ನೋಡಲು ಬ್ರಾಂಡೆನ್‌ಬರ್ಗ್ ಅವರು ಸುಜಾನ್ ವೇಗಾ ಎಂಬ ಗಾಯಕಿ ವಾದ್ಯಗಳಿಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಹಾಡನ್ನು ಮತ್ತೆ ಮತ್ತೆ ಕೇಳಿದರು. ಒಂಟಿ ಕಂಠದಲ್ಲಿ ದೋಷ ಬೇಗ ಬಯಲಾಗುತ್ತದೆ ಎಂಬುದೇ ಇದಕ್ಕೆ ಕಾರಣ. 1995ರ ಜುಲೈನಲ್ಲಿ ಈ ಬಗೆಯ ಕಡತಕ್ಕೆ ‘ಎಂಪಿ3’ ಎಂಬ ಹೆಸರು ನಿಶ್ಚಯವಾಯಿತು.

ಎಂಪಿ3 ಕಡತವನ್ನು ಕಿಸೆಗೆ ಇಳಿಸಿದ್ದು ದಕ್ಷಿಣ ಕೊರಿಯದ ಸೆಹಾನ್ ಕಂಪನಿ. ಅದರ ‘ಎಂಪಿಮ್ಯಾನ್’ ಸಾಧನ 1998ರಲ್ಲಿ ಬಂತು. ಅದೇ ವರ್ಷ ರಿಯೊ ಬಂತು. ಎರಡರಲ್ಲೂ ಇದ್ದದ್ದು 32 ಮೆಗಾಬೈಟ್ ನೆನಪಿನ ಕೋಶ. ಒಳ್ಳೆಯ ಗುಣಮಟ್ಟದಲ್ಲಿ ತುಂಬಿದರೆ ಸುಮಾರು ಅರ್ಧ ಗಂಟೆಯ ಸಂಗೀತ. ಇದನ್ನು ಕೊಂಡವನು ಪ್ರತಿದಿನ ಕಂಪ್ಯೂಟರಿನ ಮುಂದೆ ಕೂತು ನಿನ್ನೆಯ ಹಾಡುಗಳನ್ನು ಅಳಿಸಿ ಇಂದಿನವನ್ನು ತುಂಬಬೇಕಿತ್ತು. ಆದರೆ ಅದರೊಳಗೆ ತಿರುಗುವ ಭಾಗವೇ ಇರಲಿಲ್ಲ. ಓಡಿದರೂ ಹಾಡು ತಡವರಿಸುತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ ಒಂದು ಸಾಮಾನ್ಯ ಶೆಲ್ ಹಾಕಿದರೆ ದಿನವಿಡೀ ನಡೆಯುತ್ತಿತ್ತು.

ಇನ್ನು ಮೊಕದ್ದಮೆಯ ಕಥೆ. ಆರಂಭದಲ್ಲಿ ತಾತ್ಕಾಲಿಕ ತಡೆಯಾಜ್ಞೆ ದೊರೆತರೂ ಅಕ್ಟೋಬರ್ ಮುಗಿಯುವುದರೊಳಗೆ ಅದೇ ನ್ಯಾಯಾಲಯ ಅದನ್ನು ಮುಂದುವರಿಸಲು ನಿರಾಕರಿಸಿತು. ಸಂಘ ಮೇಲ್ಮನವಿ ಹೋಯಿತು. 1999ರ ಜೂನ್ 15ರಂದು ಮೇಲ್ಮನವಿ ನ್ಯಾಯಾಲಯವೂ ಕಂಪನಿಯ ಪರ ತೀರ್ಪಿತ್ತಿತು. 1992ರ ಮನೆ ಧ್ವನಿಮುದ್ರಣ ಕಾಯಿದೆ ಹೇಳುವ ‘ಧ್ವನಿಮುದ್ರಣ ಸಾಧನ’ ಇದಲ್ಲ, ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಕಡತವನ್ನು ಇನ್ನೊಂದೆಡೆಗೆ ಸಾಗಿಸುವ ಸಾಧನ ಮಾತ್ರ ಎಂಬುದು ತೀರ್ಪಿನ ಸಾರ. ತನ್ನಲ್ಲಿರುವ ಸಂಗೀತವನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ಯುವುದು ಖಾಸಗಿ ಬಳಕೆ, ಅದರಲ್ಲಿ ತಪ್ಪಿಲ್ಲ ಎಂದು ನ್ಯಾಯಾಲಯ ಹೇಳಿತು. ಮುಂದೆ ಬಂದ ಎಲ್ಲ ಸಂಗೀತ ಸಾಧನಗಳಿಗೆ ಈ ತೀರ್ಪು ಹೆದ್ದಾರಿ ತೆರೆಯಿತು.

ಆಮೇಲೆ ಕೊಳ್ಳುವವನ ಮುಂದೆ ಎರಡು ದಾರಿಗಳು ಕಾಣಿಸಿಕೊಂಡವು. ಒಂದು, ರಿಯೊ ಮಾದರಿಯ ಹಗುರ ಸಾಧನ. ಹಾಡು ಕಡಿಮೆ, ಗಟ್ಟಿತನ ಹೆಚ್ಚು. ಇನ್ನೊಂದು, ಕಂಪ್ಯೂಟರಿನ ತಿರುಗುವ ಹಾರ್ಡ್ ಡಿಸ್ಕನ್ನೇ ಒಳಗಿಟ್ಟ ಭಾರದ ಸಾಧನ. ಕಾಂಪ್ಯಾಕ್ ಕಂಪನಿಯ ಪ್ರಯೋಗಾಲಯದಲ್ಲಿ ರೂಪುಗೊಂಡು 1999ರ ಕೊನೆಗೆ ಬಂದ ‘ಪರ್ಸನಲ್ ಜೂಕ್‌ಬಾಕ್ಸ್’ನಲ್ಲಿ 4.8 ಗಿಗಾಬೈಟ್ ಜಾಗವಿತ್ತು. ರಿಯೊಗಿಂತ ಸುಮಾರು ನೂರೈವತ್ತು ಪಟ್ಟು! ಮರುವರ್ಷ ಸಿಂಗಪುರದ ಕ್ರಿಯೇಟಿವ್ ಕಂಪನಿಯ ‘ನೊಮ್ಯಾಡ್ ಜೂಕ್‌ಬಾಕ್ಸ್’ ಬಂತು. ಆದರೆ ಇವು ಕಿಸೆಗಿಂತ ಕೈಚೀಲಕ್ಕೆ ಒಪ್ಪುವಂಥವು.

2001ರ ಅಕ್ಟೋಬರ್ 23ರಂದು ಆ್ಯಪಲ್ ಕಂಪನಿ ಪ್ರಕಟಿಸಿದ ಐಪಾಡ್ ಈ ಎರಡು ದಾರಿಗಳನ್ನು ಕೂಡಿಸಿತು. ತೊಶಿಬಾ ಕಂಪನಿಯ 1.8 ಅಂಗುಲದ ಪುಟ್ಟ ಡಿಸ್ಕ್, 5 ಗಿಗಾಬೈಟ್ ಜಾಗ, ಸಾವಿರ ಹಾಡು, 185 ಗ್ರಾಂ ತೂಕ. ಬೆರಳಿನಿಂದ ಚಕ್ರ ತಿರುಗಿಸಿದರೆ ಪಟ್ಟಿ ಸರಿಯುತ್ತಿತ್ತು. ಬೆಲೆ ಮಾತ್ರ 399 ಡಾಲರ್. ಐಪಾಡ್ ಮೊಟ್ಟಮೊದಲನೆಯ ಸಾಧನವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ನಿಜವಲ್ಲ. ಹಾಡುಗಳ ಪಟ್ಟಿಯನ್ನು ಹಂತಹಂತವಾಗಿ ತೋರಿಸುವ ವಿಧಾನದ ಪೇಟೆಂಟಿಗಾಗಿ ಆ್ಯಪಲ್ 2006ರಲ್ಲಿ ಕ್ರಿಯೇಟಿವ್ ಕಂಪನಿಗೆ 10 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡದ್ದೇ ಇದಕ್ಕೆ ಸಾಕ್ಷಿ.

ಸಾಧನವನ್ನು ಆರಿಸುವುದು ಒಂದು ಮಾತು, ಅದರೊಡನೆ ಬಾಳುವುದು ಇನ್ನೊಂದು ಮಾತು. ರಿಯೊದ ಶೆಲ್ಲನ್ನು ಯಾರು ಬೇಕಾದರೂ ಬದಲಿಸಬಹುದಿತ್ತು. ಐಪಾಡ್‌ನ ಬ್ಯಾಟರಿ ಒಳಗೆ ಮುಚ್ಚಿಹೋಗಿತ್ತು. ಅದು ಸೊರಗಿದಾಗ ಬಳಕೆದಾರರು ಕೆರಳಿದರು. 2003ರಲ್ಲಿ ನ್ಯೂಯಾರ್ಕಿನ ನೈಸ್ಟಟ್ ಸೋದರರು ಈ ಕುರಿತು ಮಾಡಿದ ಕಿರುಚಿತ್ರ ಸುದ್ದಿಯಾಯಿತು. ಅಮೆರಿಕದಲ್ಲಿ ಸಾಮೂಹಿಕ ಮೊಕದ್ದಮೆ ನಡೆದು 2005ರಲ್ಲಿ ರಾಜಿಯಲ್ಲಿ ಮುಗಿಯಿತು. ಮೈಕ್ರೋಸಾಫ್ಟ್ ಕಂಪನಿಯ ಜೂನ್ ಎಂಬ ಸಾಧನದ 30 ಗಿಗಾಬೈಟ್ ಮಾದರಿಗಳು 2008ರ ಡಿಸೆಂಬರ್ 31ರಂದು ಒಟ್ಟಿಗೇ ಸ್ತಬ್ಧವಾದವು. ಅಧಿಕ ವರ್ಷದ 366ನೆಯ ದಿನವನ್ನು ಎಣಿಸಲು ಅವುಗಳ ಒಳಗಿನ ಗಡಿಯಾರಕ್ಕೆ ಬಾರದಿದ್ದದ್ದೇ ಕಾರಣ. ಮರುದಿನ ಹೊಸ ವರ್ಷ ಹುಟ್ಟಿದ ಮೇಲೆ ಅವು ಮತ್ತೆ ಹಾಡಿದವು!

ಶಾಸ್ತ್ರೀಯ ಸಂಗೀತದ ಕೇಳುಗರಿಗೆ ಬೇರೆಯೇ ತೊಡಕು. ಈ ಸಾಧನಗಳ ಪಟ್ಟಿ ಹಾಡು, ಗಾಯಕ, ಆಲ್ಬಂ ಎಂಬ ಮೂರು ಕಂಬಗಳ ಮೇಲೆ ನಿಂತಿತ್ತು. ರಾಗಕ್ಕಾಗಲೀ ತಾಳಕ್ಕಾಗಲೀ ಅದರಲ್ಲಿ ಮನೆಯಿರಲಿಲ್ಲ. ಕಛೇರಿಯೊಂದನ್ನು ತುಂಡುಗಳಾಗಿ ಸೇರಿಸಿದರೆ ಎರಡು ತುಂಡಿನ ನಡುವೆ ಕ್ಷಣಕಾಲದ ಮೌನ ನುಗ್ಗುತ್ತಿತ್ತು. ಆಲಾಪ ಮುಗಿದು ಬಂದಿಶ್ ಆರಂಭವಾಗುವ ಜಾಗದಲ್ಲಿ ದನಿ ಕಡಿದರೆ ಕೇಳುಗನಿಗೆ ಹೇಗಾದೀತು? ಐಪಾಡ್‌ನಲ್ಲಿ ಈ ದೋಷಕ್ಕೆ ಪರಿಹಾರ ಬಂದದ್ದು 2006ರಲ್ಲಿ.

ಕಿವಿಯ ಆರೋಗ್ಯವನ್ನೂ ಮರೆಯುವಂತಿಲ್ಲ. ಗಂಟೆಗಟ್ಟಲೆ ಹಾಡುವ ಸಾಧನ ಗಂಟೆಗಟ್ಟಲೆ ಕಿವಿಯನ್ನು ದಣಿಸುತ್ತದೆ. 2002ರಲ್ಲಿ ಫ್ರಾನ್ಸಿನಲ್ಲಿ 100 ಡೆಸಿಬೆಲ್ ಮಿತಿಯನ್ನು ಮೀರುತ್ತದೆಂಬ ಕಾರಣಕ್ಕೆ ಐಪಾಡ್ ಮಾರಾಟ ಕೆಲಕಾಲ ನಿಂತಿತ್ತು. 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮೀರದಂತೆ ಕೇಳುವುದು ಕ್ಷೇಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈ ನಡುವೆ 1999ರ ತೀರ್ಪು ಬಗೆಹರಿಸಿದ್ದ ಪ್ರಶ್ನೆ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಬಂತು. 2003ರ ಏಪ್ರಿಲ್‌ನಲ್ಲಿ ಆ್ಯಪಲ್ ಹಾಡಿಗೆ 99 ಸೆಂಟಿನಂತೆ ಮಾರುವ ಅಂಗಡಿಯನ್ನು ಅಂತರಜಾಲದಲ್ಲಿ ತೆರೆಯಿತು. ಉದ್ಯಮದ ಒತ್ತಾಯಕ್ಕೆ ಅಲ್ಲಿನ ಹಾಡುಗಳಿಗೆ ಬೀಗ ಹಾಕಲಾಗಿತ್ತು. ಮೂರು ಕಂಪ್ಯೂಟರುಗಳಿಗಿಂತ ಹೆಚ್ಚಿನ ಕಡೆ, ಬೇರೆ ಕಂಪನಿಯ ಸಾಧನದಲ್ಲಿ ಅವು ನುಡಿಯುತ್ತಿರಲಿಲ್ಲ. ಆದರೆ ಜನ ಇಂಥ ಹಾಡುಗಳನ್ನು ಕೊಂಡದ್ದು ಎಷ್ಟು? 2007ರ ಫೆಬ್ರುವರಿಯಲ್ಲಿ ಸ್ಟೀವ್ ಜಾಬ್ಸ್ ಬರೆದ ಬಹಿರಂಗ ಪತ್ರದ ಪ್ರಕಾರ ಒಂದು ಐಪಾಡ್‌ಗೆ ಸರಾಸರಿ 22 ಹಾಡು, ಅಂದರೆ ಅದರಲ್ಲಿರುವ ಸಂಗೀತದ ಶೇ 3ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಬೀಗವಿಲ್ಲದ ಸಂಗೀತ.

ಬೀಗದ ಅಪಾಯ 2008ರಲ್ಲಿ ಬಯಲಾಯಿತು. ಮೈಕ್ರೋಸಾಫ್ಟ್ ತನ್ನ ಹಳೆಯ ಸಂಗೀತದ ಅಂಗಡಿಯ ಬೀಗದ ಕೈಗಳನ್ನು ಕೊಡುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಅಂದರೆ ಹಣ ತೆತ್ತವರು ಹೊಸ ಕಂಪ್ಯೂಟರ್ ಕೊಂಡರೆ ತಮ್ಮದೇ ಹಾಡು ಅದರಲ್ಲಿ ನುಡಿಯದು. ಗಲಾಟೆಯಾದ ಮೇಲೆ ಗಡುವು ಮುಂದಕ್ಕೆ ಹೋಯಿತು. 2009ರ ಜನವರಿಯಲ್ಲಿ ಆ್ಯಪಲ್ ಹಾಡುಗಳ ಬೀಗವನ್ನೇ ತೆಗೆಯುವುದಾಗಿ ಪ್ರಕಟಿಸಿತು.

ಭಾರತದ ಕಥೆ ಕೊಂಚ ಬೇರೆ. ಆ್ಯಪಲ್‌ನ ಸಂಗೀತದ ಅಂಗಡಿ ಇಲ್ಲಿ ತೆರೆದದ್ದು 2012ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಊರೂರಿನ ಮೊಬೈಲ್ ಅಂಗಡಿಗಳು ಕೆಲವೇ ರೂಪಾಯಿಗೆ ಮೆಮೊರಿ ಕಾರ್ಡಿನ ತುಂಬ ಚಿತ್ರಗೀತೆಗಳನ್ನು ತುಂಬಿ ಕೊಡತೊಡಗಿದ್ದವು. ಇದರಿಂದ ಕವಿಗೂ ಗಾಯಕನಿಗೂ ಬಿಡಿಗಾಸು ಸಿಗಲಿಲ್ಲ ಎಂಬುದು ಸತ್ಯ. ಬಡ ಕೇಳುಗನಿಗೆ ಸುಲಭದ ಬೇರೆ ದಾರಿ ಇರಲಿಲ್ಲ ಎಂಬುದೂ ಸತ್ಯವೇ. ಅದೇ 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಬಂದ ತಿದ್ದುಪಡಿ, ಖಾಸಗಿ ಬಳಕೆಗೆ ನ್ಯಾಯೋಚಿತ ಮಿತಿಯಲ್ಲಿದ್ದ ವಿನಾಯಿತಿಯನ್ನು ಧ್ವನಿಮುದ್ರಣಗಳಿಗೂ ವಿಸ್ತರಿಸಿತು. ಕೊಂಡ ಸಿ.ಡಿ.ಯನ್ನು ತನ್ನ ಕಿಸೆಗೆ ಇಳಿಸಿಕೊಳ್ಳುವವನಿಗೂ ಕಾರ್ಡು ತುಂಬಿ ಮಾರುವವನಿಗೂ ಇರುವ ಅಂತರ ಇಲ್ಲಿದೆ. 2017ರಲ್ಲಿ ಸರೆಗಮ ಕಂಪನಿ ಹಳೆಯ ರೇಡಿಯೋ ರೂಪದ ‘ಕಾರವಾನ್’ ಪೆಟ್ಟಿಗೆಯಲ್ಲಿ 5000 ಹಿಂದಿ ಹಾಡುಗಳನ್ನು ಮೊದಲೇ ತುಂಬಿ ಮಾರಿದಾಗ ಹಿರಿಯರು ಅದನ್ನು ಮೆಚ್ಚಿಕೊಂಡರು. ಆರಿಸುವ, ತುಂಬುವ ರಗಳೆಯಿಲ್ಲದೆ ಹಾಡು ಮನೆಯಲ್ಲೇ ಇರುತ್ತದೆ ಎಂಬ ನೆಮ್ಮದಿ ಅದರದು.

ಕಿಸೆಯ ಸಂಗೀತ ಸಾಧನವನ್ನು ಮೂಲೆಗೆ ಸರಿಸಿದ್ದು 2007ರಲ್ಲಿ ಬಂದ ಐಫೋನ್ ಹಾಗೂ ಅದರ ಹಿಂದೆ ಬಂದ ಫೋನುಗಳು. ಫೋನೇ ಹಾಡುವಾಗ ಎರಡನೆಯ ಪೆಟ್ಟಿಗೆ ಯಾರಿಗೆ ಬೇಕು? 2022ರ ಮೇ 10ರಂದು ಆ್ಯಪಲ್ ಐಪಾಡ್ ತಯಾರಿಕೆ ನಿಲ್ಲಿಸಿದ್ದಾಗಿ ಹೇಳಿತು. ಇಂದು ಬಹುಮಂದಿ ತಿಂಗಳ ಚಂದಾ ಕೊಟ್ಟೋ ಜಾಹೀರಾತು ಸಹಿಸಿಕೊಂಡೋ ಅಂತರಜಾಲದಿಂದ ಹರಿದುಬರುವ ಹಾಡು ಕೇಳುತ್ತಾರೆ. ಸಾವಿರದ ಜಾಗದಲ್ಲಿ ಕೋಟಿಗಟ್ಟಲೆ ಹಾಡು ಬೆರಳ ತುದಿಗೆ ಬಂದಿವೆ. ಆದರೆ ಅವುಗಳಲ್ಲಿ ಒಂದೂ ಕೇಳುಗನದಲ್ಲ. ಚಂದಾ ನಿಂತ ದಿನ ಫೋನಿನೊಳಗೆ ಇಳಿಸಿಕೊಂಡದ್ದೂ ಮೂಕವಾಗುತ್ತದೆ. ಕಂಪನಿಗಳ ನಡುವಣ ಒಪ್ಪಂದ ಮುರಿದರೆ ಮೆಚ್ಚಿನ ಹಾಡು ಹೇಳದೆ ಕೇಳದೆ ಪಟ್ಟಿಯಿಂದ ಮಾಯವಾಗುತ್ತದೆ.

ಸೋನಿ ಮುಂತಾದ ಕೆಲವು ಕಂಪನಿಗಳು ಈಗಲೂ ಸಂಗೀತಕ್ಕೇ ಮೀಸಲಾದ ಸಾಧನಗಳನ್ನು ಮಾಡುತ್ತಿವೆ. ಅವುಗಳನ್ನು ಆರಿಸುವವರು ಎಷ್ಟು ಗಿಗಾಬೈಟ್ ಎಂಬುದರ ಜೊತೆಗೆ, ಬೀಗವಿಲ್ಲದ ಕಡತಗಳನ್ನು ನುಡಿಸುತ್ತದೆಯೇ, ಕಾರ್ಡು ಬದಲಿಸಬಹುದೇ, ಬ್ಯಾಟರಿ ಸೊರಗಿದರೆ ಹಾಕಿಕೊಡುವವರು ಇದ್ದಾರೆಯೇ ಎಂದೂ ನೋಡುವುದು ಒಳ್ಳೆಯದು. ಅಜ್ಜಿ ಹಾಡಿದ ಸಂಪ್ರದಾಯದ ಹಾಡು, ಊರ ಬಯಲಾಟದ ಧ್ವನಿಮುದ್ರಣ ಸಾಮಾನ್ಯವಾಗಿ ಯಾವ ಚಂದಾ ಪಟ್ಟಿಯಲ್ಲೂ ಇರುವುದಿಲ್ಲ. ಅವು ಉಳಿಯುವುದು ಯಾರಾದರೂ ತಮ್ಮ ಬಳಿ ಇಟ್ಟುಕೊಂಡರೆ ಮಾತ್ರ. ಹತ್ತು ಹಾಡಿನ ಆ ಪುಟ್ಟ ಪೆಟ್ಟಿಗೆ ನ್ಯಾಯಾಲಯದಲ್ಲಿ ಗೆದ್ದುಕೊಟ್ಟದ್ದು ಹೀಗೆ ಇಟ್ಟುಕೊಳ್ಳುವ ಹಕ್ಕನ್ನು. ಆ ಹಕ್ಕನ್ನು ಯಾರೂ ಕಸಿದುಕೊಂಡಿಲ್ಲ. ಕೇಳುಗರೇ ಅದನ್ನು ಬಳಸುವುದನ್ನು ಮರೆಯುತ್ತಿದ್ದಾರೆ.