ಮೃತ ಸೈನಿಕನ ದಾಖಲೆ ಮತ್ತು ಮೃತರಿಗಾಗಿ ಪ್ರಾರ್ಥನೆ: ಜರ್ಮನಿಯ ಪತ್ರಾಗಾರಗಳಲ್ಲಿ ಒಂದು ಶೋಧ

ನವೆಂಬರ್ ತಿಂಗಳು ಧರ್ಮಸಭೆಯಲ್ಲಿ ಮೃತರ ತಿಂಗಳು. ನಮ್ಮ ಧರ್ಮಕೇಂದ್ರಗಳಲ್ಲಿ ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚಿ, ಅಗಲಿದವರ ಹೆಸರುಗಳ ಪಟ್ಟಿಯನ್ನು ಗುರುಗಳ ಕೈಗೆ ಕೊಡುವ ಕಾಲ. ಬಲಿಪೂಜೆಯಲ್ಲಿ ಆ ಹೆಸರುಗಳನ್ನು ಓದುವ ನಾವು, ಆ ವ್ಯಕ್ತಿಗಳು ಹೇಗೆ ಬದುಕಿದರೆಂದು ವಿಚಾರಿಸುವುದಿಲ್ಲ. ವಿಚಾರಿಸುವುದು ನಮ್ಮ ಕೆಲಸವಲ್ಲವೆಂದೇ ಬಹುಕಾಲ ಭಾವಿಸಿದ್ದೆವು. ಆ ಭಾವನೆಯನ್ನು ಅಲುಗಿಸಿದ್ದು, ದಕ್ಷಿಣ ಜರ್ಮನಿಯ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ನಾವು ಸಹಾಯಕ ಗುರುವಾಗಿ ಸೇವೆ ಸಲ್ಲಿಸುತ್ತಿದ್ದಾಗ ಕೈಗೊಂಡ ಒಂದು ಶೋಧ.

ಆ ದೇವಾಲಯದ ಹೊರಗೋಡೆಯಲ್ಲಿ ಎರಡು ಮಹಾಯುದ್ಧಗಳಲ್ಲಿ ಮಡಿದ ಊರವರ ಹೆಸರುಗಳನ್ನು ಕೆತ್ತಿದ ಕಲ್ಲಿತ್ತು. ಕೆಲವು ಹೆಸರುಗಳ ಮುಂದೆ 'ಮಡಿದರು' ಎಂದೂ, ಕೆಲವು ಹೆಸರುಗಳ ಮುಂದೆ 'ಕಾಣೆಯಾದರು' ಎಂದೂ ಬರೆದಿತ್ತು. ಕಾಣೆಯಾದವರಲ್ಲಿ ಒಬ್ಬರ ಮಗಳು ಎಂಬತ್ತು ದಾಟಿದ ವೃದ್ಧೆ. ಪ್ರತಿವರ್ಷವೂ ತಂದೆಯ ಆತ್ಮಶಾಂತಿಗಾಗಿ ಪೂಜೆ ಕೋರುತ್ತಿದ್ದವರು. ಒಂದು ದಿನ ಅವರು ತಗಡಿನ ಪೆಟ್ಟಿಗೆಯೊಂದನ್ನು ಹಿಡಿದು ನಮ್ಮ ಬಳಿಗೆ ಬಂದರು. ಅದರಲ್ಲಿ ಸೈನಿಕ ಸಮವಸ್ತ್ರದ ಚಿತ್ರವಿದ್ದ ಸ್ಮರಣಪತ್ರ, ಯುದ್ಧರಂಗದಿಂದ ಬಂದ ಎರಡು ಕಾಗದಗಳು, ಹಾಗೂ ಆತ 1944ರ ಜೂನ್ ಕೊನೆಯಲ್ಲಿ ಬೆಲಾರಸ್‌ನ ಬೊಬ್ರುಯಿಸ್ಕ್ ಸುತ್ತಮುತ್ತ ಮಡಿದಿರುವ ಸಂಭವ ಹೆಚ್ಚೆಂದು ತಿಳಿಸುವ ಜರ್ಮನ್ ರೆಡ್ ಕ್ರಾಸ್‌ನ ಪತ್ರ ಇದ್ದವು. 'ನಿನ್ನ ಅಪ್ಪ ಸೈನ್ಯದಲ್ಲಿ ಅಡುಗೆ ಮಾಡುತ್ತಿದ್ದರು; ಯಾರ ಮೇಲೂ ಗುಂಡು ಹಾರಿಸಲಿಲ್ಲ' ಎಂದು ತಾಯಿ ಹೇಳುತ್ತಿದ್ದರಂತೆ. 'ಫಾದರ್, ಇಷ್ಟು ವರ್ಷ ನಾನು ಯಾರಿಗಾಗಿ ಪ್ರಾರ್ಥಿಸುತ್ತಾ ಬಂದಿದ್ದೇನೆಂದು ಸಾಯುವ ಮೊದಲು ತಿಳಿಯಬೇಕು' ಎಂದರು. ಊರವರಲ್ಲಿ ಕೇಳಲು ಅವರಿಗೆ ಸಂಕೋಚ. ನಾವಾದರೋ ಹೊರನಾಡಿನವರು, ನಮ್ಮ ಮನೆಯಲ್ಲಿ ಆ ಯುದ್ಧದ ಗುಟ್ಟುಗಳಿರಲಿಲ್ಲ. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು, ಆ ಶೋಧದ ವಿವರವನ್ನು ಇಲ್ಲಿ ಕೊಡುತ್ತಿದ್ದೇವೆ.

ಬಿಲ್ಲೆ ಮತ್ತು ಕಾರ್ಡು

ಎರಡನೆಯ ಮಹಾಯುದ್ಧದಲ್ಲಿ ಪ್ರತಿಯೊಬ್ಬ ಜರ್ಮನ್ ಸೈನಿಕನ ಕೊರಳಲ್ಲೂ ಅಂಡಾಕಾರದ ಲೋಹದ ಬಿಲ್ಲೆಯೊಂದು ಇರುತ್ತಿತ್ತು. ನಡುವೆ ಸಾಲಾಗಿ ಸೀಳುಗಳಿದ್ದುದರಿಂದ ಅದನ್ನು ಎರಡಾಗಿ ಮುರಿಯಬಹುದಾಗಿತ್ತು. ಎರಡು ಅರ್ಧಗಳ ಮೇಲೂ ಒಂದೇ ಬರಹ: ಬಿಲ್ಲೆ ನೀಡಿದ ಪಡೆಯ ಸಂಕೇತ, ಒಂದು ಕ್ರಮಸಂಖ್ಯೆ, ರಕ್ತದ ಗುಂಪು. ಸೈನಿಕನು ಸತ್ತರೆ ಒಂದು ಅರ್ಧ ಶವದೊಡನೆ ಮಣ್ಣಿಗೆ ಸೇರುತ್ತಿತ್ತು. ಇನ್ನೊಂದು ಅರ್ಧವನ್ನು ಮುರಿದು ಕಳುಹಿಸಲಾಗುತ್ತಿತ್ತು. ಅದರ ಮೇಲೆ ಹೆಸರು ಇರುತ್ತಿರಲಿಲ್ಲ. ಸಂಖ್ಯೆಯನ್ನು ಹೆಸರಾಗಿ ಓದಬಲ್ಲ ಪಟ್ಟಿ ಇದ್ದುದು ಬರ್ಲಿನ್ನಿನಲ್ಲಿ.

ಆ ಪಟ್ಟಿಗಳನ್ನು ಇಟ್ಟುಕೊಂಡಿದ್ದ ಕಚೇರಿ, ಯುದ್ಧ ಆರಂಭವಾಗುವುದಕ್ಕೆ ಕೆಲವೇ ದಿನಗಳ ಮೊದಲು, 1939ರ ಆಗಸ್ಟ್ 26ರಂದು ಕೆಲಸ ಪ್ರಾರಂಭಿಸಿತು. ಯುದ್ಧಕೈದಿಗಳ ಬಗೆಗಿನ 1929ರ ಜಿನೀವಾ ಒಪ್ಪಂದ ಅದಕ್ಕೆ ಆಧಾರ. ಪ್ರತಿಯೊಂದು ಪಡೆಯೂ ತನ್ನ ಬಿಲ್ಲೆಗಳ ಪಟ್ಟಿಯನ್ನು ಕಳುಹಿಸಬೇಕಿತ್ತು. ಬಳಿಕ ಬಂದವರು, ಹೋದವರು, ಗಾಯಗೊಂಡವರು, ಮಡಿದವರ ಬದಲಾವಣೆಗಳನ್ನು ತಿಂಗಳು ತಿಂಗಳೂ ತಿಳಿಸಬೇಕಿತ್ತು. 1943ರಲ್ಲಿ ಕಚೇರಿಯನ್ನು ಥ್ಯೂರಿಂಗಿಯ ಪ್ರಾಂತ್ಯಕ್ಕೆ ಸಾಗಿಸಲಾಯಿತು. 1945ರ ಏಪ್ರಿಲ್‌ನಲ್ಲಿ ಅದು ಅಮೆರಿಕನ್ನರ ವಶವಾಯಿತು. 1946ರಲ್ಲಿ ಫ್ರೆಂಚರ ಮೇಲ್ವಿಚಾರಣೆಯಲ್ಲಿ ಬರ್ಲಿನ್ನಿಗೆ ಮರಳಿತು. ಹೀಗೆ ಊರೂರು ಅಲೆದರೂ ಅದರ ಕಾಗದಗಳು ಉಳಿದವು. ಅದೇ ಏಪ್ರಿಲ್ 14ರ ರಾತ್ರಿ ಪಾಟ್ಸ್‌ಡಾಮ್ ನಗರದ ಸೇನಾ ಪತ್ರಾಗಾರ ಬಾಂಬ್ ದಾಳಿಗೆ ಸಿಕ್ಕಿ, ಮೊದಲ ಮಹಾಯುದ್ಧದ ಪ್ರಷ್ಯನ್ ಸೈನಿಕರ ದಾಖಲೆಗಳ ಬಹುಭಾಗ ಬೂದಿಯಾದುದನ್ನು ನೆನೆದರೆ ಈ ಉಳಿವು ಅಚ್ಚರಿಯದು. ಬರ್ಲಿನ್ ಕಚೇರಿಯ ಕೇಂದ್ರ ಸೂಚಿಯಲ್ಲಿ 1.8 ಕೋಟಿಗೂ ಹೆಚ್ಚು ಕಾರ್ಡುಗಳಿವೆ. 2019ರ ಜನವರಿ 1ರಿಂದ ಅದು ಜರ್ಮನಿಯ ಸಂಯುಕ್ತ ಪತ್ರಾಗಾರದ ಒಂದು ವಿಭಾಗವಾಗಿದೆ.

ಅಲ್ಲಿ ದಾಖಲೆ ಕೇಳುವವರು ಸೈನಿಕನ ಪೂರ್ಣ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಇಷ್ಟನ್ನು ನಿಖರವಾಗಿ ಕೊಡಬೇಕು. ಒಂದೇ ಹೆಸರಿನವರು ನೂರಾರು ಮಂದಿ ಇರಬಹುದಾದ್ದರಿಂದ ಹುಟ್ಟಿದ ದಿನವಿಲ್ಲದೆ ಶೋಧ ಮುಂದುವರಿಯದು. ವ್ಯಕ್ತಿ ತೀರಿಕೊಂಡು 10 ವರ್ಷ ಕಳೆದಿದ್ದರೆ, ಸಾವಿನ ದಿನ ತಿಳಿಯದಿದ್ದಲ್ಲಿ ಹುಟ್ಟಿ 100 ವರ್ಷ ಕಳೆದಿದ್ದರೆ, ಅವನ ವೈಯಕ್ತಿಕ ದಾಖಲೆಗಳನ್ನು ನೋಡಲು ಕಾನೂನು ಅವಕಾಶ ಕೊಡುತ್ತದೆ. ನಮಗೆ ಬೇಕಾದ ದಿನಾಂಕ ಸಿಕ್ಕಿದ್ದು ನಮ್ಮದೇ ಧರ್ಮಕೇಂದ್ರದ ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ. ಮಗುವಿನ ಹೆಸರು, ತಂದೆತಾಯಿ, ಜ್ಞಾನಪಿತೃ ಎಲ್ಲವನ್ನೂ ಅಂದಿನ ಗುರುಗಳು ಹಳೆಯ ಜರ್ಮನ್ ಲಿಪಿಯಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು. ಆ ಸಾಲನ್ನು ನಕಲು ಮಾಡಿ ಬರ್ಲಿನ್ನಿಗೆ ಕಳುಹಿಸಿದೆವು. ಉತ್ತರಕ್ಕೆ ಹಲವು ತಿಂಗಳು ಕಾಯಬೇಕಾಯಿತು.

ದಾಖಲೆ ಹೇಳುವುದು, ಹೇಳದಿರುವುದು

ಬಂದ ಉತ್ತರ ಎರಡು ಪುಟಗಳದು: ಬಿಲ್ಲೆಯ ಸಂಖ್ಯೆ, ಸೇರಿದ ಪಡೆಗಳು ಮತ್ತು ದಿನಾಂಕಗಳು, ಒಮ್ಮೆ ಆಸ್ಪತ್ರೆಗೆ ದಾಖಲಾದ ವಿವರ, ಕೊನೆಗೆ 'ಕಾಣೆಯಾಗಿದ್ದಾರೆ' ಎಂಬ ವರದಿ. ಆತ ಅಡುಗೆಯವನಾಗಿದ್ದನೆಂದು ಕಾರ್ಡು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆದರೆ 1941ರ ಬೇಸಿಗೆಯಿಂದ ಅವರಿದ್ದ ಕಂಪನಿ ಬೆಲಾರಸ್‌ನಲ್ಲಿ, ಯುದ್ಧರಂಗದ ಹಿಂದಿನ ಪ್ರದೇಶವನ್ನು ಕಾಯುವ ಭದ್ರತಾ ಡಿವಿಜನ್ನಿಗೆ ಸೇರಿತ್ತೆಂಬುದು ಸ್ಪಷ್ಟವಾಯಿತು.

ಇತಿಹಾಸ ಬಲ್ಲವರಿಗೆ ಈ ಒಂದು ಸಾಲು ಸಾಕು. ಸೋವಿಯತ್ ನೆಲದ ಮೇಲಿನ ಆಕ್ರಮಣಕ್ಕೆ ಮೊದಲೇ, 1941ರ ಮೇ 13ರ ಆಜ್ಞೆಯು, ಅಲ್ಲಿನ ನಾಗರಿಕರ ವಿರುದ್ಧ ಸೈನಿಕರು ಎಸಗುವ ಅಪರಾಧಗಳಿಗೆ ವಿಚಾರಣೆ ಕಡ್ಡಾಯವಲ್ಲವೆಂದು ಸಾರಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೊಗಿಲೆವ್ ನಗರದಲ್ಲಿ ಸೇನಾಧಿಕಾರಿಗಳಿಗೆ ಗೆರಿಲ್ಲಾ ವಿರೋಧಿ ತರಬೇತಿ ನಡೆಯಿತು. ಯೆಹೂದ್ಯರನ್ನೂ ಗೆರಿಲ್ಲಾಗಳನ್ನೂ ಒಂದೇ ಎಂದು ಕಾಣುವ ಬೋಧನೆ ಅಲ್ಲಿ ದೊರೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಬೆಲಾರಸ್ ತನ್ನ ಜನಸಂಖ್ಯೆಯ ಸುಮಾರು ಕಾಲುಭಾಗವನ್ನು ಕಳೆದುಕೊಂಡಿತ್ತು.

ಪಡೆಗಳ ಯುದ್ಧ ದಿನಚರಿಗಳು ಇರುವುದು ಫ್ರೈಬುರ್ಗ್ ನಗರದ ಸೇನಾ ಪತ್ರಾಗಾರದಲ್ಲಿ. ಅಲ್ಲಿಗೆ ಹೋಗಿ ಡಿವಿಜನ್ನಿನ ಕಡತಗಳನ್ನು ತೆರೆದೆವು. ಹವಾಮಾನ, ಕುದುರೆಗಳ ಮೇವು, ಸೇತುವೆಗಳ ದುರಸ್ತಿ ಇವುಗಳ ನಡುನಡುವೆ, ಅದೇ ತಣ್ಣನೆಯ ಭಾಷೆಯಲ್ಲಿ, 'ಶುದ್ಧೀಕರಣ' ಕಾರ್ಯಾಚರಣೆಗಳ ವರದಿಗಳಿದ್ದವು. ಗುಂಡಿಕ್ಕಿ ಕೊಂದವರ ಸಂಖ್ಯೆ ದೊಡ್ಡದು; ವಶಪಡಿಸಿಕೊಂಡ ಬಂದೂಕುಗಳ ಸಂಖ್ಯೆ ಬಹು ಸಣ್ಣದು. ಒಂದು ವರದಿಯಲ್ಲಿ ಒಂದು ಹಳ್ಳಿಯ ಹೆಸರಿತ್ತು. ಅಲ್ಲಿಗೆ ಹೋದ ಪಡೆಗಳ ಸಾಲಿನಲ್ಲಿ ಆ ವೃದ್ಧೆಯ ತಂದೆಯ ಕಂಪನಿಯೂ ಇತ್ತು. ಸತ್ತ ಹಳ್ಳಿಗರ ಹೆಸರುಗಳಿರಲಿಲ್ಲ, ಒಂದು ಅಂಕಿ ಮಾತ್ರವಿತ್ತು. ಕೊಂದವರ ಕಡೆಯಲ್ಲಿ ಪ್ರತಿಯೊಬ್ಬನಿಗೂ ಬಿಲ್ಲೆ, ಕಾರ್ಡು, ಊರ ಗೋಡೆಯಲ್ಲಿ ಕೆತ್ತಿದ ಹೆಸರು. ಸತ್ತವರಿಗೆ ಆ ಅಂಕಿಯೊಂದೇ. ನಮ್ಮ ನಾಡಿನ ವೀರಗಲ್ಲುಗಳೂ ನೆನಪಾದವು. ಕಾದಿ ಮಡಿದ ವೀರನಿಗೆ ಅವು ಹೆಸರು ಕೊಡುತ್ತವೆ, ಸ್ವರ್ಗವನ್ನೂ ಕೊಡುತ್ತವೆ. ಅವನ ಕೈಯಲ್ಲಿ ಸತ್ತವರು ಯಾರೆಂದು ಹೇಳುವುದು ಅವುಗಳ ಉದ್ದೇಶವಲ್ಲ.

ಹಾಗಾದರೆ ಆ ತಂದೆ ಕೊಲೆಗಾರನೇ? ಇಲ್ಲಿ ದಾಖಲೆಯು ಮೌನ ತಾಳುತ್ತದೆ, ನಾವೂ ದುಡುಕಬಾರದು. 1941ರ ಅಕ್ಟೋಬರ್‌ನಲ್ಲಿ ಬೆಲಾರಸ್‌ನ ಕ್ರುಚಾ ಪ್ರದೇಶದಲ್ಲಿ ನಡೆದ ಘಟನೆಯೊಂದು ಇದಕ್ಕೆ ಸಾಕ್ಷಿ. 691ನೆಯ ಕಾಲಾಳು ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಮುಖ್ಯಸ್ಥನು, ತಮ್ಮ ತಮ್ಮ ನೆಲೆಗಳಲ್ಲಿರುವ ಯೆಹೂದ್ಯರನ್ನು ಕೊಲ್ಲುವಂತೆ ಮೂವರು ಕಂಪನಿ ನಾಯಕರಿಗೆ ಆಜ್ಞಾಪಿಸಿದನು. ಒಬ್ಬನು ಕೂಡಲೇ ಪಾಲಿಸಿದನು. ಇನ್ನೊಬ್ಬನು ಹಿಂಜರಿದು, ಲಿಖಿತ ಆಜ್ಞೆ ಕೇಳಿ, ಅದು ಬಂದ ಮೇಲೆ ಕೊಲ್ಲಿಸಿದನು. 1950ರ ದಶಕದಲ್ಲಿ ಡಾರ್ಮ್‌ಸ್ಟಾಟ್ ನ್ಯಾಯಾಲಯವು ಅವನನ್ನು ಅಪರಾಧಿಯೆಂದು ತೀರ್ಮಾನಿಸಿತು. ಯೋಸೆಫ್ ಸಿಬಿಲ್ಲೆ ಎಂಬ ಮೂರನೆಯವರು ಆಗದೆಂದರು. ಅದಕ್ಕಾಗಿ ಅವರ ತಲೆ ಹೋಗಲಿಲ್ಲ. ಒಂದೇ ಬೆಟಾಲಿಯನ್, ಒಂದೇ ಆಜ್ಞೆ, ಮೂರು ಉತ್ತರಗಳು. ಪಡೆಯ ಹೆಸರು ಒಬ್ಬ ಮನುಷ್ಯನು ಎಲ್ಲಿ ನಿಂತಿದ್ದನೆಂದು ತಿಳಿಸುತ್ತದೆ. ಅಲ್ಲಿ ನಿಂತು ಏನು ಮಾಡಿದನೆಂದು ತಿಳಿಸುವುದಿಲ್ಲ. ಆದರೆ 'ಬೇರೆ ದಾರಿಯೇ ಇರಲಿಲ್ಲ' ಎಂಬ ಮಾತನ್ನೂ ಅದೇ ಘಟನೆ ಅಳಿಸಿಹಾಕುತ್ತದೆ.

ಧರ್ಮಸಭೆಯ ದಾಖಲೆ

ಈ ಪರೀಕ್ಷೆ ಸೈನಿಕನೊಬ್ಬನಿಗೆ ಮಾತ್ರ ಸೇರಿದ್ದಲ್ಲ. 1934ರ ಆಗಸ್ಟ್‌ನಿಂದ ಜರ್ಮನ್ ಸೈನಿಕನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ, ಸಂವಿಧಾನಕ್ಕಲ್ಲ, ಹಿಟ್ಲರನೆಂಬ ವ್ಯಕ್ತಿಗೆ ಬೇಷರತ್ತಾದ ವಿಧೇಯತೆಯನ್ನು ಒಪ್ಪಿಸುತ್ತಿದ್ದನು. ಕಾಲಾಳುವಿನ ಸೊಂಟಪಟ್ಟಿಯ ಬಿಲ್ಲೆಯ ಮೇಲೆ ದೇವರು ನಮ್ಮೊಡನಿದ್ದಾನೆಂಬ ಬರಹವಿತ್ತು. ಪಲ್ಲೊಟ್ಟಿ ಸಭೆಯ ಗುರು ಫ್ರಾನ್ಜ್ ರೈನಿಶ್ ಆ ಪ್ರಮಾಣವನ್ನು ನಿರಾಕರಿಸಿ 1942ರ ಆಗಸ್ಟ್ 21ರಂದು ಮರಣದಂಡನೆಗೆ ಗುರಿಯಾದರು. ಆಸ್ಟ್ರಿಯಾದ ರೈತ ಫ್ರಾನ್ಜ್ ಯೇಗರ್‌ಸ್ಟೆಟರ್, ಆ ಯುದ್ಧದಲ್ಲಿ ಹೋರಾಡಲೊಪ್ಪದೆ, 1943ರ ಆಗಸ್ಟ್ 9ರಂದು ಅದೇ ಬ್ರಾಂಡೆನ್‌ಬುರ್ಗ್ ಸೆರೆಮನೆಯಲ್ಲಿ ಪ್ರಾಣ ತೆತ್ತರು. ಅವರು ಮೊದಲು ಲಿನ್ಜ್ ನಗರದ ತಮ್ಮ ಧರ್ಮಾಧ್ಯಕ್ಷರ ಸಲಹೆ ಕೇಳಿದ್ದರು. ಆದರೆ ಅವರ ನಿಲುವಿಗೆ ಬೆಂಬಲ ಸಿಗಲಿಲ್ಲ. ಅದೇ ಲಿನ್ಜ್‌ನಲ್ಲಿ 2007ರ ಅಕ್ಟೋಬರ್ 26ರಂದು ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. 2020ರಲ್ಲಿ, ಯುದ್ಧ ಮುಗಿದ 75ನೆಯ ವರ್ಷದ ಸಂದರ್ಭದಲ್ಲಿ, ಜರ್ಮನಿಯ ಧರ್ಮಾಧ್ಯಕ್ಷರು ತಮ್ಮ ಪೂರ್ವಾಧಿಕಾರಿಗಳ ದಾಖಲೆಯನ್ನು ತಾವೇ ತೆರೆದರು: ಯುದ್ಧಕ್ಕೆ ಸ್ಪಷ್ಟವಾದ ನಿರಾಕರಣೆಯನ್ನು ಹೇಳದೆ ಅವರು ಅದರ ತಪ್ಪಿನಲ್ಲಿ ಪಾಲುಗಾರರಾದರೆಂದು ಒಪ್ಪಿಕೊಂಡರು. ಮಗಳೊಬ್ಬಳು ತಗಡಿನ ಪೆಟ್ಟಿಗೆ ಹಿಡಿದು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿಕೊಂಡರೆನ್ನಬಹುದು.

ಬಟ್ಟೆಯ ಒಳಗೆ ಕಂಡದ್ದು

ಫ್ರೈಬುರ್ಗ್‌ನಿಂದ ಮರಳುವ ರೈಲಿನಲ್ಲಿ ನಾವು ಒಂದು ತೀರ್ಮಾನಕ್ಕೆ ಬಂದಿದ್ದೆವು: ಬೊಬ್ರುಯಿಸ್ಕ್ ವಿಷಯ ಹೇಳೋಣ, ಹಳ್ಳಿಯ ವಿಷಯ ಬೇಡ. ಮುದಿ ಜೀವಕ್ಕೆ ಏಕೆ ನೋವು? ಇದನ್ನು ಕರುಣೆಯೆಂದೇ ಅಂದುಕೊಂಡಿದ್ದೆವು. ಮರುದಿನ ಬೆಳಗಿನ ಪೂಜೆಗೆ ಮುನ್ನ, ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯ ನೆನಪಾಯಿತು. ಮೃತರಿಗಾಗಿ ಪ್ರಾರ್ಥಿಸುವುದಕ್ಕೆ ಆಧಾರವಾಗಿ ನಾವು ತರಗತಿಯಲ್ಲಿ ಪ್ರತಿವರ್ಷ ಬೋಧಿಸುವ ಭಾಗ ಅದು. ಆದರೆ ಅದರ ಮೊದಲ ಅರ್ಧವನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಯೂದ ಮಕ್ಕಬಿಯನ ಕಡೆಯವರು ತಮ್ಮ ಮೃತ ಸೈನಿಕರನ್ನು ಹೂಳಲು ಹೋದಾಗ, ಅವರ ಬಟ್ಟೆಗಳ ಒಳಗೆ ಜಾಮ್ನಿಯಾದ ವಿಗ್ರಹಗಳಿಗೆ ಸೇರಿದ ತಾಯಿತಗಳು ಸಿಕ್ಕವು. ಅವರು ಅದನ್ನು ಮುಚ್ಚಿಡಲಿಲ್ಲ. 'ನಮ್ಮವರು' ಎಂದು ಬಟ್ಟೆಯನ್ನು ಮತ್ತೆ ಎಳೆದು ಮುಚ್ಚಲಿಲ್ಲ. ಗುಪ್ತವಾದುದನ್ನು ಬಯಲಿಗೆ ತರುವ ನ್ಯಾಯಾಧಿಪತಿಯಾದ ದೇವರನ್ನು ಮೊದಲು ಸ್ತುತಿಸಿದರು. ಬಳಿಕವೇ ಆ ಪಾಪ ಅಳಿಯಲೆಂದು ಬೇಡಿದರು. ಬಳಿಕವೇ ಯೂದನು ಹಣ ಕೂಡಿಸಿ ಜೆರುಸಲೇಮಿಗೆ ಕಾಣಿಕೆ ಕಳುಹಿಸಿದನು. ಪಾಪವೇ ಇರಲಿಲ್ಲವೆಂದು ಭಾವಿಸಿದ್ದರೆ ಅವರಿಗೆ ಪ್ರಾರ್ಥನೆಯ ಅಗತ್ಯವೂ ಇರುತ್ತಿರಲಿಲ್ಲ.

ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 2000ದ ಮಾರ್ಚ್ 12ರಂದು ಧರ್ಮಸಭೆಯ ಮಕ್ಕಳ ಗತಕಾಲದ ಪಾಪಗಳಿಗಾಗಿ ಕ್ಷಮೆ ಬೇಡಿದಾಗ ಬಳಕೆಗೆ ಬಂದ 'ಸ್ಮರಣೆಯ ಶುದ್ಧೀಕರಣ' ಎಂಬ ಮಾತಿನ ಹುರುಳೂ ಇದೇ. ನೆನಪನ್ನು ಶುದ್ಧಗೊಳಿಸುವುದೆಂದರೆ ಕಲೆಗಳನ್ನು ಮರೆಮಾಡುವುದಲ್ಲ, ಅವುಗಳನ್ನು ದೇವರ ಮುಂದೆ ಬಿಚ್ಚಿಡುವುದು. ತಂದೆಯ ದೋಷಕ್ಕೆ ಮಕ್ಕಳು ಶಿಕ್ಷಾರ್ಹರಲ್ಲವೆಂದು ಯೆಜೆಕಿಯೇಲನ 18ನೆಯ ಅಧ್ಯಾಯ ಖಚಿತವಾಗಿ ಬೋಧಿಸುತ್ತದೆ. ಹಾಗಿದ್ದಮೇಲೆ ಸತ್ಯವನ್ನು ತಿಳಿಯಲು ಮಕ್ಕಳು ಹೆದರಬೇಕಾಗಿಲ್ಲ. ಅದನ್ನು ಅವರಿಂದ ಬಚ್ಚಿಡುವ ಹಕ್ಕು ಗುರುಗಳಿಗೂ ಇಲ್ಲ.

ನಾವು ಆ ವೃದ್ಧೆಯ ಮನೆಗೆ ಹೋಗಿ, ಕಾರ್ಡು ಹೇಳಿದ್ದನ್ನೂ ಹೇಳದಿದ್ದುದನ್ನೂ, ಹಳ್ಳಿಯ ಸಂಗತಿಯನ್ನೂ, ಮೂರು ಕಂಪನಿಗಳ ಕಥೆಯನ್ನೂ ಒಂದೊಂದಾಗಿ ತಿಳಿಸಿದೆವು. ಅವರು ಅಳಲಿಲ್ಲ. ಬಹಳ ಹೊತ್ತು ಕಿಟಕಿಯತ್ತ ನೋಡುತ್ತಾ ಕುಳಿತಿದ್ದು, 'ಆ ಹಳ್ಳಿಯ ಹೆಸರನ್ನು ಹೇಗೆ ಉಚ್ಚರಿಸುವುದು, ಫಾದರ್?' ಎಂದು ಕೇಳಿದರು. ನಮಗೂ ಸರಿಯಾಗಿ ತಿಳಿದಿರಲಿಲ್ಲ. ಇಬ್ಬರೂ ಕೂಡಿ ಅಕ್ಷರ ಅಕ್ಷರವಾಗಿ ಓದಿ ಕಲಿತೆವು. ಆ ವರ್ಷದ ಪೂಜಾ ಕೋರಿಕೆಯ ಚೀಟಿಯಲ್ಲಿ ತಂದೆಯ ಹೆಸರಿನ ಕೆಳಗೆ ಅವರ ನಡುಗುವ ಅಕ್ಷರಗಳಲ್ಲಿ ಇನ್ನೊಂದು ಸಾಲು ಇತ್ತು: ಆ ಹಳ್ಳಿಯ ಹೆಸರು, ಮತ್ತು 'ಅಲ್ಲಿ ಸತ್ತ ಎಲ್ಲರಿಗಾಗಿ'. ಎರಡನ್ನೂ ಒಂದೇ ಬಲಿಪೀಠದ ಮುಂದೆ ಓದಿದೆವು.

ನಾಳೆ ಧರ್ಮಕೇಂದ್ರಗಳ ಹೊಣೆ ಹೊರಲಿರುವ ಗುರು ಅಭ್ಯರ್ಥಿಗಳಿಗೆ ನಮ್ಮ ಕೊನೆಯ ಮಾತು ಒಂದೇ. ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಸರಿಯಾಗಿ ಬರೆದು ಜೋಪಾನ ಮಾಡಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ವಿಧಿ ಆದೇಶಿಸುತ್ತದೆ. ಅದನ್ನು ಗುಮಾಸ್ತಗಿರಿಯೆಂದು ತಿರಸ್ಕರಿಸಬೇಡಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹಳ್ಳಿಯ ಗುರುವೊಬ್ಬರು ಒಂದು ಮಗುವಿನ ಹುಟ್ಟಿದ ದಿನವನ್ನು ತಪ್ಪಿಲ್ಲದೆ ಬರೆದಿಟ್ಟದ್ದರಿಂದಲೇ, ಅವರು ಕನಸಿನಲ್ಲೂ ಕಂಡಿರದ ಬೆಲಾರಸ್‌ನ ಒಂದು ಹಳ್ಳಿಯ ಮೃತರಿಗಾಗಿ ಅವರದೇ ದೇವಾಲಯದಲ್ಲಿ ಪ್ರಾರ್ಥನೆ ಸಲ್ಲಿತು.