ಹರ್ಜ್‌ಬರ್ಗ್ ಸಿದ್ಧಾಂತದಲ್ಲಿ ಸಂಬಳದ ಸ್ಥಾನ: ಒಂದು ಮರುಪರಿಶೀಲನೆ

ಒಳ್ಳೆಯ ಸಂಬಳ ನೌಕರನ ಗೊಣಗಾಟ ನಿಲ್ಲಿಸುತ್ತದೆ, ಹುರುಪು ತುಂಬುವುದಿಲ್ಲ. ನಮ್ಮ ನಿರ್ವಹಣಾಶಾಸ್ತ್ರದ ಪಠ್ಯಗಳಲ್ಲಿ ಈ ಮಾತು ಗಾದೆಯಷ್ಟೇ ಸಲೀಸಾಗಿ ಓಡಾಡುತ್ತದೆ. ಇದರ ಬೇರು ಫ್ರೆಡರಿಕ್ ಹರ್ಜ್‌ಬರ್ಗ್, ಬರ್ನಾರ್ಡ್ ಮಾಸ್ನರ್, ಬಾರ್ಬರಾ ಸ್ನೈಡರ್‌ಮನ್ 1959ರಲ್ಲಿ ಹೊರತಂದ ‘ದಿ ಮೋಟಿವೇಶನ್ ಟು ವರ್ಕ್’ ಪುಸ್ತಕದಲ್ಲಿದೆ. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತಲ ಸುಮಾರು 200 ಎಂಜಿನಿಯರುಗಳು ಮತ್ತು ಅಕೌಂಟೆಂಟರನ್ನು ಅವರು ಮಾತನಾಡಿಸಿದರು. ಕೆಲಸದಲ್ಲಿ ತುಂಬ ಖುಷಿಯಾದ ಒಂದು ಪ್ರಸಂಗ, ತುಂಬ ಬೇಸರವಾದ ಒಂದು ಪ್ರಸಂಗ ನೆನಪಿಸಿಕೊಂಡು ಹೇಳಿ ಎಂದರು. ಯಂತ್ರದ ಮುಂದೆ ನಿಲ್ಲುವ ಕೂಲಿಯವರನ್ನು ಕೇಳಲಿಲ್ಲ ಎಂಬುದನ್ನು ಮರೆಯಬಾರದು.

ಖುಷಿಯ ಪ್ರಸಂಗಗಳಲ್ಲಿ ಸಾಧನೆಯ ಮಾತು ಬಂದದ್ದು ಶೇ. 41, ಮನ್ನಣೆಯದು ಶೇ. 33. ಬೇಸರದ ಕಡೆ ಕಂಪನಿಯ ನೀತಿ ಮತ್ತು ಆಡಳಿತ ಶೇ. 31ರೊಂದಿಗೆ ಮೊದಲ ಸ್ಥಾನದಲ್ಲಿತ್ತು. ಮೊದಲನೆಯ ಗುಂಪು ಪ್ರೇರಕ ಅಂಶಗಳೆನಿಸಿತು, ಎರಡನೆಯದು ನೈರ್ಮಲ್ಯದ ಅಂಶಗಳು: ಚರಂಡಿ ಚೊಕ್ಕಟವಾದರೆ ರೋಗ ತಪ್ಪೀತು, ಮೈಗೆ ಕಸುವು ಬಾರದು. ಈ ಹೋಲಿಕೆ ಸೊಗಸಾಗಿದೆ. ತೊಡಕು ಶುರುವಾಗುವುದು ಸಂಬಳದಲ್ಲಿ. ಖುಷಿಯಲ್ಲಿ ಅದರ ಪಾಲು ಶೇ. 15, ಬೇಸರದಲ್ಲಿ ಶೇ. 17. ಇಷ್ಟು ಕೂದಲೆಳೆಯ ಅಂತರದ ಮೇಲೆ ಅದನ್ನು ನೈರ್ಮಲ್ಯದ ಸಾಲಿಗೆ ಹಾಕಲು ಅವರು ಕೊಟ್ಟ ಕಾರಣ, ಸಂಬಳದಿಂದಾದ ಬೇಸರ ಬಹುಕಾಲ ಉಳಿಯುತ್ತದೆ ಎಂಬುದು.

ಆ ಬೇಸರದ ಕಥೆಗಳ ಒಳಗೆ ಇಣುಕಿದರೆ ಕಾಣುವುದು ಹಣದ ಕೊರತೆಗಿಂತ ಹೆಚ್ಚಾಗಿ ಅನ್ಯಾಯ. ಹೆಚ್ಚಳ ಬಂತು, ಆದರೆ ತಡವಾಗಿ, ಒಲ್ಲದ ಮನಸ್ಸಿನಿಂದ. ಹಳಬನಿಗೂ ನಿನ್ನೆ ಸೇರಿದವನಿಗೂ ವ್ಯತ್ಯಾಸವೇ ಇಲ್ಲ. ಖುಷಿಯ ಕಥೆಗಳಲ್ಲಿ ಅದೇ ಹೆಚ್ಚಳ ಸಾಧನೆಯ ಬೆನ್ನಿಗೇ ಬಂದ ಶಭಾಷ್‌ಗಿರಿ. ಅಂದರೆ ಸಂಬಳ ಇಲ್ಲಿ ಮನ್ನಣೆಯ ಮಾತನ್ನೇ ಆಡುತ್ತಿದೆ. ಮನ್ನಣೆಯ ಕೊರತೆಯೂ ಬೇಸರದ ಪ್ರಸಂಗಗಳಲ್ಲಿ ಶೇ. 18ರಷ್ಟಿತ್ತು, ಹೀಗಿದ್ದೂ ಮನ್ನಣೆ ಪ್ರೇರಕವಾಯಿತು, ಸಂಬಳ ಆಗಲಿಲ್ಲ.

ವಿಕ್ಟರ್ ವ್ರೂಮ್ 1964ರಲ್ಲಿ ಎತ್ತಿದ ಆಕ್ಷೇಪ ಬೇರೆ: ಗೆದ್ದಾಗ ಮನುಷ್ಯ ತನ್ನನ್ನು ಹೊಗಳಿಕೊಳ್ಳುತ್ತಾನೆ, ಸೋತಾಗ ಸುತ್ತಲಿನವರನ್ನು ದೂರುತ್ತಾನೆ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ನಮಗೆ ಇದು ಹೊಸದೇನಲ್ಲ. ಸಾಧನೆ ಒಂದು ಕಡೆ, ಕಂಪನಿಯ ನೀತಿ ಇನ್ನೊಂದು ಕಡೆ ಸೇರಿದ್ದನ್ನು ಈ ಆಕ್ಷೇಪ ಚೆನ್ನಾಗಿಯೇ ವಿವರಿಸುತ್ತದೆ. ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ನಿಂತ ಸಂಬಳದ ವಿಷಯದಲ್ಲಿ ಮಾತ್ರ ಅದೂ ನೆರವಿಗೆ ಬರುವುದಿಲ್ಲ.