ಕೂಡವೆಲ್ಲಿಯಿಂದ ಆಲಂಪುರಕ್ಕೆ: ನೆಲೆ ಬದಲಿಸಿದ ಸಂಗಮೇಶ್ವರ ದೇವಾಲಯ

ಹೈದರಾಬಾದಿನಿಂದ ಕರ್ನೂಲಿನತ್ತ ಪಯಣಿಸುವ ಕನ್ನಡಿಗರಲ್ಲಿ ಅನೇಕರು ಆಲಂಪುರದ ತಿರುವನ್ನು ಗಮನಿಸದೆ ಮುಂದೆ ಸಾಗುವುದುಂಟು. ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯಲ್ಲಿರುವ ಈ ಊರು ಬಾದಾಮಿ ಚಾಲುಕ್ಯರ ಶಿಲ್ಪಪರಂಪರೆಯ ಪ್ರಮುಖ ನೆಲೆಗಳಲ್ಲೊಂದು.

ಇಲ್ಲಿನ ನವಬ್ರಹ್ಮ ದೇವಾಲಯಗಳು ಏಳು ಮತ್ತು ಎಂಟನೆಯ ಶತಮಾನಗಳವು. ಹೆಸರಿನಲ್ಲಿ ಬ್ರಹ್ಮನಿದ್ದರೂ ಇವೆಲ್ಲವೂ ಶಿವಾಲಯಗಳು. ಸ್ವರ್ಗಬ್ರಹ್ಮ ದೇವಾಲಯವು ಚಾಲುಕ್ಯ ದೊರೆ ವಿನಯಾದಿತ್ಯನ (ಕ್ರಿ.ಶ. 681–696) ಕಾಲದ್ದು. ಪಟ್ಟದಕಲ್ಲಿನ ಗಳಗನಾಥ ದೇವಾಲಯವನ್ನು ಕಂಡವರಿಗೆ ಇದರ ರೇಖಾನಾಗರ ಶಿಖರವು ಪರಿಚಿತವೆನಿಸದಿರದು.

ಊರಿಗೆ ಅನತಿದೂರದಲ್ಲಿ, ಕೃಷ್ಣಾ–ತುಂಗಭದ್ರಾ ಸಂಗಮದ ಕೂಡವೆಲ್ಲಿಯಲ್ಲಿ ಚಾಲುಕ್ಯರದೇ ಆದ ಸಂಗಮೇಶ್ವರ ದೇವಾಲಯವಿತ್ತು. 1963ರಲ್ಲಿ ಶ್ರೀಶೈಲ ಯೋಜನೆಗೆ ಶಂಕುಸ್ಥಾಪನೆಯಾದಾಗಲೇ ಆ ಪ್ರದೇಶದ ಮುಳುಗಡೆ ನಿಶ್ಚಿತವಾಯಿತು. ನವಬ್ರಹ್ಮ ದೇವಾಲಯಗಳನ್ನು ಇದ್ದಲ್ಲಿಯೇ ಉಳಿಸಿಕೊಳ್ಳಲು ತಡೆಗೋಡೆ ಕಟ್ಟಲಾಯಿತು. ಸಂಗಮೇಶ್ವರನಿಗೆ ಆ ಅವಕಾಶವಿರಲಿಲ್ಲ. ದೇವಾಲಯವನ್ನು ಕಳಚಿ ಆಲಂಪುರಕ್ಕೆ ತಂದು ಪುನಃ ಕಟ್ಟಲಾಯಿತು. ಪಾಪನಾಶಿಯ ಇಪ್ಪತ್ತಕ್ಕೂ ಹೆಚ್ಚು ಗುಡಿಗಳಿಗೂ ಸ್ಥಳಾಂತರವೇ ಗತಿಯಾಯಿತು.

ಇಂತಹ ಕಾರ್ಯದ ಕ್ರಮವನ್ನು ನಾವು ಅರಿಯಬೇಕು. ಮೊದಲು ಕಟ್ಟಡದ ಪ್ರತಿಯೊಂದು ಅಳತೆಯನ್ನೂ ನಕ್ಷೆಗಿಳಿಸಿ, ಎಲ್ಲ ಮಗ್ಗುಲುಗಳ ಛಾಯಾಚಿತ್ರ ತೆಗೆಯುತ್ತಾರೆ. ಬಳಿಕ ಪ್ರತಿ ಕಲ್ಲಿಗೂ ಸಂಖ್ಯೆ ಬರೆದು, ಶಿಖರದಿಂದ ಆರಂಭಿಸಿ ಅಧಿಷ್ಠಾನದವರೆಗೆ ಒಂದೊಂದಾಗಿ ಇಳಿಸುತ್ತಾರೆ. ಹೊಸ ತಳಪಾಯದ ಮೇಲೆ ಅದೇ ಸಂಖ್ಯೆಗಳನ್ನನುಸರಿಸಿ ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತಾರೆ. ದಾಖಲೆಯಲ್ಲಿ ಲೋಪವಾದರೆ ಕಲ್ಲುಗಳು ಉಳಿದಾವು, ದೇವಾಲಯ ಉಳಿಯದು.

ಹೀಗೆ ಶಿಲ್ಪ ಉಳಿಯಿತು. ಆದರೆ ದೇವರಿಗೆ ಹೆಸರಿತ್ತ ಸಂಗಮ ದೂರವಾಯಿತು. ಕನ್ನಡನಾಡಿನ ಕೂಡಲಸಂಗಮವನ್ನು ಇಲ್ಲಿ ಸ್ಮರಿಸಬಹುದು. ನಾರಾಯಣಪುರ ಜಲಾಶಯದ ಹಿನ್ನೀರು ಆವರಿಸಿದಾಗ ಬಸವಣ್ಣನವರ ಐಕ್ಯಸ್ಥಳವನ್ನು ಕದಲಿಸದೆ, ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಲಾಯಿತು. ಇಂದಿಗೂ ಭಕ್ತರು ಮೆಟ್ಟಿಲಿಳಿದು ಅಲ್ಲಿಯೇ ದರ್ಶನ ಪಡೆಯುತ್ತಾರೆ. ನೆಲೆಯೂ ಪರಂಪರೆಯ ಒಂದು ಅಂಗವೇ ಆದುದರಿಂದ ಸ್ಥಳಾಂತರವು ಕಟ್ಟಕಡೆಯ ಉಪಾಯವಾಗಿರಬೇಕೆಂಬುದು ನಮ್ಮ ಅಭಿಪ್ರಾಯ.

ಅಣೆಕಟ್ಟಿನ ಭೀತಿ ಎಲ್ಲ ಗುಡಿಗಳಿಗೂ ಇಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವ ಅಚಾತುರ್ಯದ ಭೀತಿ ಮಾತ್ರ ಎಲ್ಲೆಡೆಯೂ ಇದೆ. ಕಲ್ಲಿನ ಸಂದುಗಳಿಗೆ ಸಿಮೆಂಟು ತುಂಬಿದರೆ ತೇವವೂ ಲವಣವೂ ಒಳಗೇ ಉಳಿದು ಕಲ್ಲು ಸವೆಯುತ್ತದೆ. ಶಾಸನದ ಮೇಲೆ ಬಣ್ಣ ಬಳಿದರೆ ಅಕ್ಷರಗಳು ಮರೆಯಾಗುತ್ತವೆ. ಗ್ರಾನೈಟು ಹಾಸಿದರೆ ಮೂಲ ನೆಲಗಟ್ಟು ಮುಚ್ಚಿಹೋಗುತ್ತದೆ. ಇವೆಲ್ಲವೂ ಬಹುಮಟ್ಟಿಗೆ ಭಕ್ತರ ಕಾಣಿಕೆಯಿಂದಲೇ ನಡೆಯುವುದು ವಿಷಾದದ ಸಂಗತಿ.

ಹೊರನಾಡಿನಲ್ಲಿದ್ದು ಹುಟ್ಟೂರಿನ ಗುಡಿಗೆ ಹಣ ಕಳುಹಿಸುವವರು ನಮ್ಮಲ್ಲಿ ಬಹಳ ಮಂದಿ. ಹಣದೊಡನೆ ಒಂದು ಪ್ರಶ್ನೆಯನ್ನೂ ಕಳುಹಿಸೋಣ: ಕೆಲಸ ಆರಂಭಿಸುವ ಮುನ್ನ ಗುಡಿಯ ಅಳತೆ, ಛಾಯಾಚಿತ್ರ, ಶಾಸನಗಳ ಪ್ರತಿ ದಾಖಲಾಗಿವೆಯೇ? ಮುಂದಿನ ಬಾರಿ ಕರ್ನೂಲಿನ ದಾರಿ ಹಿಡಿದಾಗ ಆಲಂಪುರದಲ್ಲಿ ಇಳಿದು, ಸಂಗಮವನ್ನು ತೊರೆದು ಬಂದ ಸಂಗಮೇಶ್ವರನನ್ನು ಕಂಡರೆ ಆ ಪ್ರಶ್ನೆಯ ಮಹತ್ವ ತಾನಾಗಿಯೇ ಮನದಟ್ಟಾದೀತು.